ಹೆಸರಿಲ್ಲದ ಹತ್ತು ಸಾಲು

"ಆ ಸಾಲು ನನ್ನದು."

ಬಂಟ್ವಾಳದ ಹಾಲ್‌ನಲ್ಲಿ, ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ ದಿನ, ಸಾತ್ವಿಕಾ ನಿರೂಪಕನ ಎದುರು ನಿಂತು ಸಿಟ್ಟಿನಿಂದ ಹೇಳಿದಳು.

ಸಿಟ್ಟು ಬಾರದೆ ಇನ್ನೇನು! ಸ್ವಲ್ಪ ಮೊದಲು ಅವನು ಮೈಕ್ ಹಿಡಿದು, "ಎಲ್ಲರದೂ ಊಟ ಆಯಿತಾ ಎಂದು ಅಮ್ಮ ಕೇಳುತ್ತಾಳೆ, ಅಮ್ಮನನ್ನು ಕೇಳುವವರು ಯಾರು?" ಅಂದಿದ್ದ. ಹೆಂಗಸರೆಲ್ಲ ಕಣ್ಣೊರೆಸಿಕೊಂಡಿದ್ದರು. ಚಪ್ಪಾಳೆ ಅವನಿಗೆ. ಬರೆದವಳು ಹಿಂದಿನ ಸಾಲಿನ ಕುರ್ಚಿಯಲ್ಲಿ!

ಬರೆಯುವುದೇನು ಸುಲಭವೇ? ಗುರುವಾಯನಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ ಮೂಡುಬಿದಿರೆಯ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವವಳು ಅವಳು. ವೇಣೂರು ದಾಟುವುದರೊಳಗೆ ಹತ್ತು ಸಾಲು, ಬಸ್ಸಿಳಿಯುವ ಮೊದಲು ಬ್ಲಾಗಿಗೆ. ಸೀಟು ಸಿಗಲಿ, ಬಿಡಲಿ... ಎಂಟು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

ನಿರೂಪಕನ ಹೆಸರು ಉಜ್ವಲ್. ಗುರುವಾಯನಕೆರೆಯಲ್ಲೇ ಮೈಕ್‌ಸೆಟ್ ಅಂಗಡಿ. ಆ ಸಾಲು ವಾಟ್ಸಾಪಿನಲ್ಲಿ ಬಂದದ್ದು, ಕೆಳಗೆ ಯಾರ ಹೆಸರೂ ಇರಲಿಲ್ಲ ಎಂದು ಅವನು ಫೋನ್ ಮುಂದೆ ಹಿಡಿದ. ಅವಳು ನೋಡಲಿಲ್ಲ. ಅವನ ನೋಟ ನೇರವಾಗಿತ್ತು, ಅದೇ ಅವಳಿಗೆ ಇನ್ನಷ್ಟು ಕೋಪ ತರಿಸಿತು.

'ಕಳ್ಳನಿಗೊಂದು ಪಿಳ್ಳೆ ನೆವ!'

ಮರುದಿನದ ಹತ್ತು ಸಾಲೂ ಅವನ ಮೇಲೆಯೇ, ಹೆಸರು ಸಹಿತ. ಜನ ಹಂಚಿದ್ದೇ ಹಂಚಿದ್ದು. ವಾರದೊಳಗೆ ಎರಡು ಮದುವೆಯವರು ಅವನನ್ನು ಬೇಡವೆಂದರಂತೆ. ಸಾತ್ವಿಕಾಳಿಗೆ ಸಮಾಧಾನವೇ ಆಯಿತು.

ಆ ಭಾನುವಾರ ಅಮ್ಮ ಕುಸುಮ ಫೋನ್ ತಂದು, ಜಾಗ ತುಂಬಿದೆ, ಫೋಟೋ ಅಳಿಸಿಕೊಡು ಎಂದರು. ತೆರೆದರೆ... ಅವಳದೇ ಸಾಲುಗಳು! ದಿನಾ ಬೆಳಿಗ್ಗೆ ಅಮ್ಮನಿಂದ ಕುಟುಂಬದ ಹಿರಿಯರ ಗ್ರೂಪಿಗೆ, ಅಲ್ಲಿಂದ ಊರಿಗೆಲ್ಲ. ಕೆಳಗಿನ ಹೆಸರು ಮಾತ್ರ ಇಲ್ಲ.

"ನಾನೇ ತೆಗೆದದ್ದು ಮಗಾ," ಅಮ್ಮನ ಸ್ವರ ಇಳಿಯಿತು. "ಚಂದ ಬರೀತಿ, ನಾಲ್ಕು ಜನ ಓದಲಿ ಅಂತ ಕಳ್ಸಿದೆ. ಆದ್ರೆ ಸಂಬಂಧ ನೋಡುವ ಸಮಯ... ಹುಡುಗಿಯ ಹೆಸರು ಊರಿಡೀ ತಿರುಗುದು ಬೇಡ ಅಂತ."

ನೋಡಿ, ಇದೆಂಥ ನ್ಯಾಯ! ಬರಹಕ್ಕೆ ಹೆಮ್ಮೆ, ಹೆಸರಿಗೆ ಹೆದರಿಕೆ! ಸಾತ್ವಿಕಾ ಹರಿಹಾಯ್ದಳು. ಇನ್ನು ಕಳಿಸುವುದಾದರೆ ಹೆಸರು ಹಾಕಿಯೇ ಕಳಿಸಬೇಕೆಂದಳು. ಕೋಪ ಇಳಿದಾಗ ಉಳಿದದ್ದು ನಾಚಿಕೆ. ಅಮ್ಮ ಅವಳ ಹೆಸರನ್ನು ಅಳಿಸಿದ್ದರಷ್ಟೇ. ಅವಳು ಕೇಳದೆ, ನೋಡದೆ ಇನ್ನೊಬ್ಬನ ಹೆಸರನ್ನು ಕೆಡಿಸಿಬಿಟ್ಟಿದ್ದಳು.

ಸೋಮವಾರ ಬ್ಲಾಗಿನಲ್ಲಿ ತಪ್ಪೊಪ್ಪಿಕೊಂಡಳು. ಸಂಜೆ ಅವನ ಅಂಗಡಿಗೆ ಹೋದಳು. ಉಜ್ವಲ್ ವಯರು ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

"ಓದಿದೆ. ಅವತ್ತು ಒಂದು ನಿಮಿಷ ಫೋನ್ ನೋಡಿದ್ರೆ ಸಾಕಿತ್ತು."

ಅವಳ ಕಣ್ಣು ತುಂಬಿತು. "ಆ ಎರಡೂ ಮನೆಗೆ ನಾನೇ ಹೋಗಿ ಹೇಳ್ತೇನೆ. ನೀವು ಕ್ಷಮಿಸ್ಲೇಬೇಕು ಅಂತ ಇಲ್ಲ."

ತಿರುಗಿ ಹೊರಟವಳ ಹಿಂದೆಯೇ ಅವನು ಸ್ಕೂಟರಿನ ಕೀ ತೆಗೆದುಕೊಂಡು ಬಂದ.

ಬೆಳ್ತಂಗಡಿಯ ಮದುವೆಯವರು ಆಗಲೇ ಬೇರೆ ನಿರೂಪಕನಿಗೆ ಹೇಳಿಯಾಗಿತ್ತು. ಪೊಳಲಿಯ ಮನೆಯಲ್ಲಿ ಅವಳು ತಲೆತಗ್ಗಿಸಿ ಎಲ್ಲ ಹೇಳಿದಳು. ಹಿರಿಯರು ಕೇಳಿಸಿಕೊಂಡು, ಕಾರ್ಯಕ್ರಮಕ್ಕೆ ಅವನೇ ಬರಲಿ ಎಂದರು.

ಹೊರಗೆ ಬಂದು ಉಜ್ವಲ್ ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ.

"ನೀವು ನನ್ನನ್ನು ಕಳ್ಳ ಅಂತ ಬರೆದ ಮೇಲೂ ನಿಮ್ಮ ಬ್ಲಾಗ್ ದಿನಾ ಓದಿದ್ದೇನೆ. ಬೈಯ್ಲಿಕ್ಕೆ ಅಂತಲೇ ತೆಗೆದದ್ದು, ಆಗ್ಲಿಲ್ಲ. ಈಗ ಬೆಳಿಗ್ಗೆ ಓದದಿದ್ರೆ ಆ ದಿನವೇ ಸರಿ ಹೋಗುದಿಲ್ಲ."

"ಬರಹ ಅಷ್ಟು ಇಷ್ಟವಾ?"

"ಬರೆಯುವವರು ಇಷ್ಟ. ಕೋಪ ಇನ್ನೂ ಉಂಟು... ಆದ್ರೂ ಇಷ್ಟ."

ಅವಳು ನಂಬರಿಗಾಗಿ ತನ್ನ ಫೋನ್ ಅವನ ಮುಂದೆ ಹಿಡಿದಳು. "ನಾಳೆಯದ್ದು ಮೊದಲು ನಿಮಗೇ ಕಳಿಸ್ತೇನೆ. ತಪ್ಪಿದ್ರೆ ಬೈತೀರಾ?"

"ಬೈತೇನೆ. ಎದುರು ಬಂದು, ಮುಖ ನೋಡಿ ಬೈತೇನೆ. ನಿಮ್ಮ ಹಾಗೆ ಊರಿಗೆಲ್ಲ ಕೇಳುವ ಹಾಗೆ ಅಲ್ಲ."

"ಹಾಗಾದ್ರೆ," ಎಂದಳು ಸಾತ್ವಿಕಾ ಮೆಲ್ಲಗೆ, "ದಿನಾ ಒಂದು ತಪ್ಪು ಮಾಡ್ತೇನೆ."