ಬಿಗಿದ ಕೈ ಯಾರದು

ಮಗಳು ಗುಬ್ಬಿಗೆ ಒಂದು ಜಡೆ ಹೆಣೆದಾಗಿತ್ತು. ಇನ್ನೊಂದಕ್ಕೆ ಕೂದಲು ಬಿಡಿಸುತ್ತಿರುವಾಗ ಯಾರೋ ಬಾಗಿಲು ಬಡಿದರು. ಅಮ್ಮ ಬಾಚಣಿಗೆ ಹಿಡಿದೇ ಹೋಗಿ ತೆರೆದಳು. ಹೊಸಿಲಾಚೆ ನಿಂತಿದ್ದವಳು ತೋಳ ಹರಿದು ಕೊಂದ ಹುಡುಗಿಯ ತಾಯಿ. ಗುಬ್ಬಿಯ ಅಪ್ಪನನ್ನು ಕಾಣಬೇಕೆಂದಳು.

"ವಕೀಲರೇ, ಆ ತೊಗಲಿನ ವ್ಯಾಪಾರಿಯನ್ನ ಬಿಡಿಸಬೇಡಿ. ಮಾಟ ಮಾಡಿದ ತೋಳದ ಚರ್ಮದ ಪಟ್ಟಿ ಸೊಂಟಕ್ಕೆ ಬಿಗಿದುಕೊಂಡೇ ಅವನು ತೋಳ ಆಗೋದು. ಬಿಗಿಯೋ ಕೈ ಮನುಷ್ಯನದೇ. ಅವನ ಪರ ನಿಂತೋರನ್ನೂ ಅದು ಬಿಡಲ್ಲ."

ಊರಿಗೆ ಹೊಸಬನಾದ ವಕೀಲ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಕ್ಕ. "ಆಗ್ಲಿ ತಾಯಿ, ತೋಳಕ್ಕೂ ಒಂದು ಸಮನ್ಸ್ ಕಳಿಸೋಣ. ಸಹಿ ಹಾಕೋಕೆ ಬರುತ್ತಾ ಕೇಳಿ ಬನ್ನಿ."

ಆ ತಾಯಿ ಗುಬ್ಬಿಯನ್ನು ಒಮ್ಮೆ ನೋಡಿ ಹೊರಟುಹೋದಳು.

ಕೋರ್ಟಿನಲ್ಲಿ ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ವಾದ ನಡೆಯಿತು. ತೋಳವೇ ಸುಳ್ಳಾದರೆ ಸಾಕ್ಷಿಯೂ ಸುಳ್ಳು. ತೋಳ ನಿಜವಾದರೆ ಕೊಂದದ್ದು ಮೃಗ. ಮೈಮೇಲೆ ಪ್ರಜ್ಞೆಯೇ ಇಲ್ಲದ ಮನುಷ್ಯ ಹೇಗೆ ಹೊಣೆ? ಬುದ್ಧಿವಂತಿಕೆಯೆಂದರೆ ಇದು, ಒಂದು ಹೆಣವನ್ನು ಯಾರ ಲೆಕ್ಕಕ್ಕೂ ಸೇರದಂತೆ ಮಾಡುವುದು. ಬಿಡುಗಡೆಯಾದ ವ್ಯಾಪಾರಿ, ಕೋರ್ಟು ಮರಳಿಸಿದ ಆ ಪಟ್ಟಿಯನ್ನೇ ವಕೀಲನಿಗೆ ಉಡುಗೊರೆ ಕೊಟ್ಟ.

ಮಧ್ಯಾಹ್ನದ ಊಟಕ್ಕೆ ಮುಂಚೆ ವಕೀಲ ಅದನ್ನು ಬನಿಯನ್ನಿನ ಮೇಲೆ ಬಿಗಿದುಕೊಂಡು ನಡುಮನೆಗೆ ಬಂದ. "ನೋಡೇ, ನಿನ್ನ ಗಂಡ ತೋಳ."

"ಬಿಚ್ಚಿ ಅದನ್ನ. ಮಗು ಹೆದರ್ತಾಳೆ."

"ಹೆದರ್ಲಿ ಬಿಡು, ಧೈರ್ಯ ಬರುತ್ತೆ."

ಒದ್ದೆ ತುಪ್ಪಳದ ನಾತ ಎದ್ದಿತು. ಅದರ ಬೆನ್ನಿಗೇ ಹಳೆಯ ರಕ್ತದ ನಾತ. ಕಿಟಕಿಯ ಬಿಸಿಲು ಮಂಕಾಯಿತು. ಅವನ ನಗು ಗಂಟಲಲ್ಲೇ ತಿರುಚಿಕೊಂಡು ಗುರುಗುಟ್ಟಿತು. ಬೆನ್ನು ಬಾಗಿತು. ಉಗುರು ನೆಲ ಗೀರಿತು. ಗುಬ್ಬಿ ಮಂಚದಡಿಗೆ ನುಸುಳಿದಳು. ಅದೂ ನುಸುಳಿತು. ಅಮ್ಮ ಅದರ ಮೇಲೆ ಬಿದ್ದಳು. ಪಟ್ಟಿಯ ಕೊಕ್ಕೆ ತಡಕಿದಳು. ಹಲ್ಲು ನಾಟಿತು. ಮೂಳೆ ಲಟಕ್ಕೆಂದಿತು. ಅವಳು ಬಿಡಲಿಲ್ಲ. ಎಡಗೈಯಿಂದ ಎಳೆದಳು. ಕೊಕ್ಕೆ ಕಳಚಿತು.

ನೆಲದ ಮೇಲೆ ಗಂಡ ಏದುಸಿರು ಬಿಡುತ್ತ ಬಿದ್ದಿದ್ದ. ಅವಳ ಬಲಗೈಯಲ್ಲಿ ಎರಡೇ ಬೆರಳು ಉಳಿದಿದ್ದವು.

ಅವಳು ಆಸ್ಪತ್ರೆಯಿಂದ ಮರಳಿದಾಗ ಅವನ ಬಳಿ ವಾದ ಸಿದ್ಧವಾಗಿತ್ತು. "ನಂಗೇನೂ ನೆನಪಿಲ್ಲ ಕಣೇ. ಅದು ನಾನಲ್ಲ. ನನ್ನ ಮೇಲೆ ಯಾಕೆ ಮುಖ ಊದಿಸ್ಕೊಂಡಿದ್ದೀಯ?"

"ಆ ಪಟ್ಟಿ ಸುಟ್ರಾ?"

"ಸುಡೋಣ ಬಿಡು. ಈಗೇನು ಅವಸರ?"

ಹೇಳುತ್ತಲೇ ಅವನ ಕೈ ಜೇಬಿನಲ್ಲಿದ್ದ ಬೀರುವಿನ ಬೀಗದ ಕೈಯನ್ನು ಸವರಿ ನೋಡಿತು. ತುಟಿಯ ಮೇಲೆ ನಾಲಗೆ ಆಡಿತು. ತೋಳದ ಕುತ್ತಿಗೆ ತಬ್ಬಿದಾಗ ಆಗದ ಹೇಸಿಗೆ ಅಮ್ಮನಿಗೆ ಈಗ ಆಯಿತು.

ಅಂದಿನಿಂದ ತುಟಿ ಬಿಚ್ಚದಿದ್ದ ಗುಬ್ಬಿ ಅವಳ ಬೆನ್ನ ಹಿಂದಿನಿಂದ ಇಣುಕಿದಳು.

"ಅಪ್ಪ, ಅದು ನೀನಲ್ಲ ಅಂದ್ರೆ, ಪಟ್ಟಿ ಯಾಕೆ ಎತ್ತಿಟ್ಕೊಂಡಿದ್ದೀಯ?"