ಮೇಜು ಕಾದವನು

ಸರೇಸು ಕಾಯುವ ವಾಸನೆ ಎಲ್ಲರಿಗೂ ಹಿಡಿಸುವಂಥದಲ್ಲ. ಕುದಿನೀರಿನ ಪಾತ್ರೆಯಲ್ಲಿ ಇನ್ನೊಂದು ಪುಟ್ಟ ಪಾತ್ರೆಯಿಟ್ಟು ಆ ಅಂಟನ್ನು ಕರಗಿಸುವಾಗ ಒದ್ದೆ ಚರ್ಮ ಬೇಯಿಸಿದ ಹಾಗೆ ನಾರುತ್ತದೆ. ಅವನಿಗೆ ಮಾತ್ರ ಬಾಲ್ಯವೆಂದರೆ ಅದೇ ವಾಸನೆ. ಅಪ್ಪ ಪಿಟೀಲು ಮಾಡುತ್ತಿದ್ದರು. ಮೇಲೆ ಮನೆ, ಕೆಳಗೆ ಕೆಲಸದ ಕೋಣೆ. ಅಣ್ಣ ಅಪ್ಪನ ಪಕ್ಕ ಕೂತು ಉಳಿ ಹಿಡಿಯುವುದನ್ನು ಕಲಿತ. ತಮ್ಮನಾದ ಅವನ ಕೈಗೆ ಸಿಕ್ಕ ಮರ ಮಾತ್ರ ಸೀಳಿಹೋಗುತ್ತಿತ್ತು. "ಇವನಿಗೆ ಕೈ ಕೊಡೋದನ್ನ ಮರೆತು ದೇವರು ಎರಡು ಪಾಲು ಕಿವಿ ಕೊಟ್ಟಿದ್ದಾನೆ," ಎಂದು ಅಪ್ಪ ನಗುತ್ತಿದ್ದರು.

ಕೊನೆಯ ಕಾಯಿಲೆಯಲ್ಲಿ, ನಡುಗುವ ಕೈಯಿಂದಲೇ, ಅಪ್ಪ ಒಂದು ಪಿಟೀಲು ಮಾಡಿ ಮುಗಿಸಿದರು. ತಂತಿ ಕಟ್ಟಿದ ದಿನ ಅದರ ಮೊದಲ ಸ್ವರ ಎಳೆದವನು ಅವನು. ಅಪ್ಪ ಕಣ್ಣು ಮುಚ್ಚಿ ಕೇಳಿದರು, ತೃಪ್ತಿಯಿಂದ ತಲೆದೂಗಿದರು, ಆದರೆ ಇದು ನಿನ್ನದು ಎಂದು ಹೇಳಲಿಲ್ಲ. ಆ ಒಂದು ಮಾತು ಆಡಿದ್ದರೆ ಅವನು ಮುಂದೆ ಮಾಡಿದ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಪಿಟೀಲು ಅಣ್ಣನ ಗಾಜಿನ ಕಪಾಟು ಸೇರಿತು. ಅವನು ಮನೆಮನೆಗೆ ಹೋಗಿ ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕೆಲಸ ಹಿಡಿದ. ಬೇರೆಯವರ ವಾದ್ಯ ಸರಿಮಾಡಿ, ಅವರು ನುಡಿಸಲು ಕೂತಾಗ ಚೀಲ ಎತ್ತಿಕೊಂಡು ಹೊರಡುವುದು ಅವನ ಬದುಕಾಯಿತು. ಅಣ್ಣನ ಮನೆಗೆ ಹೋದಾಗೆಲ್ಲ ಕಣ್ಣು ಕಪಾಟಿನತ್ತ ಹೋಗುತ್ತಿತ್ತು. ಕೇಳಲಿಲ್ಲ. ಒಡಹುಟ್ಟಿದವನ ಹತ್ತಿರ ಬಾಯಿಬಿಟ್ಟು ಕೇಳಬೇಕಾಗಿ ಬಂದರೆ ಅದು ಭಿಕ್ಷೆ ಎಂದು ಅವನ ಲೆಕ್ಕ.

ಹೀಗಿರುವಾಗ ಒಂದು ಸಂಜೆ ಅಣ್ಣ ಕೈಕೆಲಸದಿಂದ ತಲೆ ಎತ್ತದೆ ಹೇಳಿದ: "ಅಪ್ಪನ ಪಿಟೀಲನ್ನ ಸಂಗೀತ ಶಾಲೆಗೆ ಕೊಟ್ಟುಬಿಡೋಣ ಅಂತಿದ್ದೀನಿ ಕಣೋ. ಸೋಮವಾರ ಬಂದು ತಗೊಂಡು ಹೋಗ್ತಾರೆ. ಯಾರೂ ನುಡಿಸದೆ ಇದ್ರೆ ಮರ ಮೂಕಾಗುತ್ತೆ."

"ಒಳ್ಳೇದೇ," ಎಂದ ಅವನು. ಆ ರಾತ್ರಿಯೇ ಯೋಚನೆ ಶುರುವಾಯಿತು.

ಪಿಟೀಲು ಕಾಣೆಯಾದರೆ ಮೊದಲ ಅನುಮಾನ ತನ್ನ ಮೇಲೇ ಬರುತ್ತದೆ ಎಂಬುದನ್ನು ಅವನು ಮರೆಯಲಿಲ್ಲ. ಆದ್ದರಿಂದ ಸುದ್ದಿ ಬರುವ ಗಳಿಗೆಯಲ್ಲಿ ತಾನು ಅಣ್ಣನ ಎದುರೇ ಕೂತಿರಬೇಕು. ಅದಕ್ಕೆ ಮುಂಚೆಯೂ ಅಲ್ಲಿಂದ ಕದಲಿರಲಿಲ್ಲ ಎಂದು ಅಣ್ಣನೇ ನಂಬಬೇಕು. ಇದಕ್ಕೆ ಹೇಳಿಮಾಡಿಸಿದ ಜಾಗ ಅಣ್ಣನ ಮನೆಯ ಹಿಂದಿನ ಬೀದಿಯ ಚೀನೀ ಹೋಟೆಲು.

ಭಾನುವಾರ ಅಲ್ಲಿ ಡಿಮ್ ಸಮ್, ಹಬೆಯಲ್ಲಿ ಬೇಯಿಸಿದ ಪುಟ್ಟ ತಿಂಡಿಗಳ ಊಟ. ಹಬೆಯಾಡುವ ಬಿದಿರಿನ ಪುಟ್ಟ ಬುಟ್ಟಿಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡು ಹೆಂಗಸರು ಮೇಜಿಂದ ಮೇಜಿಗೆ ಓಡಾಡುತ್ತಾರೆ. ಬಾಗಿಲ ಹೊರಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಜಾಗ ಬಿಟ್ಟು ಎದ್ದವನ ಜಾಗ ಹೋಯಿತೆಂದೇ ಅರ್ಥ. ಒಮ್ಮೆ ಅಣ್ಣ ಯಾರನ್ನೋ ಮಾತಾಡಿಸಿ ತಿರುಗಿ ಬರುವಷ್ಟರಲ್ಲಿ ಅವನ ಮೇಜಿನಲ್ಲಿ ಅಜ್ಜಿ ಮೊಮ್ಮಕ್ಕಳ ಸಮೇತ ಒಂದು ಸಂಸಾರವೇ ತಿನ್ನುತ್ತಾ ಕೂತಿತ್ತು. ಇಂದಿಗೂ ಅಣ್ಣ ಅದನ್ನು ಹೇಳಿಕೊಂಡು ನಗುತ್ತಾನೆ. ಹಾಗಾಗಿ ಮೇಜು ಕೈಯಲ್ಲಿದೆ ಎಂದರೆ ಅದನ್ನು ಕಾದವನು ಎದ್ದಿಲ್ಲ ಎಂದೇ ಲೆಕ್ಕ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಹಣ ಕೊಟ್ಟರೂ ತರಲಾಗದು.

ಈ ಭಾನುವಾರ ಅಪ್ಪನ ನೆನಪಿಗೆ ಮೂವರೂ ಒಟ್ಟಿಗೆ ಊಟ ಮಾಡೋಣ, ನಾನು ಮುಂಚೆ ಹೋಗಿ ಮೇಜು ಹಿಡಿದಿರುತ್ತೇನೆ ಎಂದ. ಅತ್ತಿಗೆ ಹಿಗ್ಗಿದರು. ಮೈದುನನಿಗೆ ಎಷ್ಟು ವರ್ಷಕ್ಕೆ ಬುದ್ಧಿ ಬಂತು ಎಂದು ಚುಡಾಯಿಸಿದರು.

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಹೋಟೆಲು ಬಾಗಿಲು ತೆಗೆದ ಕೂಡಲೇ ಒಳಹೊಕ್ಕು ಮೂಲೆಯ ಮೇಜು ಹಿಡಿದ. ಚಹಾ ತರಿಸಿದ, ಬಿಳಿ ಟೋಪಿಯ, ನಡುವಯಸ್ಸಿನ ಒಬ್ಬ ಹೆಂಗಸಿಗೆ ಕೆಲವು ಬುಟ್ಟಿಗಳನ್ನು ಹೇಳಿದ. ಅಣ್ಣ ಅತ್ತಿಗೆ ಮನೆ ಬಿಟ್ಟೆವೆಂದು ಫೋನು ಮಾಡಿದರು. ಮಂಡಿನೋವಿನ ಅತ್ತಿಗೆ ಊರುಗೋಲಿನೊಂದಿಗೆ ದೊಡ್ಡ ರಸ್ತೆ ಬಳಸಿ ಬರಬೇಕು. ಹಿಂದಿನ ಓಣಿಯಲ್ಲಿ ಹೋದರೆ ಅಣ್ಣನ ಮನೆಯ ಹಿತ್ತಿಲು ನಾಲ್ಕು ಹೆಜ್ಜೆ. ಕೋಟನ್ನು ಕುರ್ಚಿಗೆ ತೊಡಿಸಿ, ಕನ್ನಡಕವನ್ನು ಬಿಚ್ಚಿದ ಪತ್ರಿಕೆಯ ಮೇಲಿಟ್ಟು, ಲೋಟಕ್ಕೆ ಚಹಾ ಬಗ್ಗಿಸಿ, ಶೌಚಾಲಯಕ್ಕೆ ಹೋಗುವವನಂತೆ ಎದ್ದು ಅಡುಗೆಮನೆಯ ಪಕ್ಕದ ಬಾಗಿಲಿಂದ ಜಾರಿಕೊಂಡ.

ಹಿತ್ತಿಲ ಕಿಟಕಿಯ ಗಾಜನ್ನು ಬಟ್ಟೆ ಒತ್ತಿ ಒಡೆದ. ಕಪಾಟು ತೆರೆದು ಪಿಟೀಲನ್ನು ಎದೆಗವಚಿಕೊಂಡಾಗ ಅದು ತುಂಬ ಹಗುರವಾಗಿತ್ತು; ಆ ಹಗುರವನ್ನು ಅವನು ಮರೆತೇಬಿಟ್ಟಿದ್ದ. ಪಕ್ಕದ ಬೀಗದ ಅಂಗಡಿಯವರ ಕಣ್ಣಿಗೆ ಬಿದ್ದು ಅಣ್ಣನಿಗೆ ಬೇಗ ಫೋನು ಹೋಗಲೆಂದು ಹಿಂಬಾಗಿಲನ್ನು ಹಾರುಹೊಡೆದೇ ಬಿಟ್ಟ. ಓಣಿಯ ತುದಿಯಲ್ಲಿ ಒಂದು ನೃತ್ಯಶಾಲೆ. ಅಲ್ಲಿನ ಪಿಯಾನೋ ಅವನ ಸುಪರ್ದಿನಲ್ಲಿದ್ದುದರಿಂದ ಬೀಗದ ಕೈಯೂ ಅವನ ಬಳಿ ಇತ್ತು. ಪಿಯಾನೋದ ಕೆಳಗಿನ ಹಲಗೆ ಕಳಚಿ, ಪಿಟೀಲನ್ನು ಕಂಬಳಿಯಲ್ಲಿ ಸುತ್ತಿ ಒಳಗಿಟ್ಟು, ಹಲಗೆ ಮುಚ್ಚಿದ. ಅಲ್ಲಿ ಯಾರೂ ಹುಡುಕುವುದಿಲ್ಲ. ಇನ್ನು ಮುಂದೆ ಅದನ್ನು ಯಾರ ಕಿವಿಗೂ ಬೀಳದ ಹಾಗೆ ಎಲ್ಲಿ ನುಡಿಸುವುದು ಎಂಬುದನ್ನು ಮಾತ್ರ ಅವನು ಯೋಚಿಸಿರಲಿಲ್ಲ.

ಮರಳಿ ಬಂದಾಗ ಕೋಟು, ಕನ್ನಡಕ, ಪತ್ರಿಕೆ ಇದ್ದಲ್ಲೇ ಇದ್ದವು. ಮೇಜೂ ಇತ್ತು. ಎರಡು ಬುಟ್ಟಿ ಬಂದು ಕೂತಿದ್ದವು. ಉಸಿರು ಹದಕ್ಕೆ ಬರುವಷ್ಟರಲ್ಲಿ ಅತ್ತಿಗೆಯ ಊರುಗೋಲಿನ ಸದ್ದು ಕೇಳಿಸಿತು.

ಆಮೇಲೆ ಕೂರುವುದೇ ಕಷ್ಟವಾಯಿತು. ಬೆನ್ನಿಗೆ ಗೋಡೆ. ಬಲಕ್ಕೆ ಪಕ್ಕದ ಮೇಜಿನವರ ಕುರ್ಚಿಗಳು ಒತ್ತಿಕೊಂಡಿದ್ದವು. ಎಡಕ್ಕೆ ಅತ್ತಿಗೆ, ಅವರ ಕೈಚೀಲ, ಊರುಗೋಲು. ಎದುರಿಗೆ ಅಣ್ಣ, ಅಪ್ಪನದೇ ಹಣೆ. ಎದ್ದು ಹೋಗಬೇಕೆಂದರೆ ಎಲ್ಲರೂ ಎದ್ದು ದಾರಿ ಬಿಡಬೇಕು. ಸೀಗಡಿ ತುಂಬಿದ ತೆಳುಹಿಟ್ಟಿನ ಗಂಟುಗಳಲ್ಲಿ ಒಡೆಯದ ಒಂದನ್ನು ಆರಿಸಿ ಅತ್ತಿಗೆ ಅವನ ಬಟ್ಟಲಿಗೆ ಹಾಕಿದರು. "ಬೆಳಗಿಂದ ನಮಗೋಸ್ಕರ ಕಾದಿದ್ದೀಯ. ನೀನೇ ಮೊದಲು ತಿನ್ನು." ಅವನು ತಿಂದ. ಚಹಾ ಕುಡಿದು ಇಳಿಸಿದ. ಅತ್ತಿಗೆ ಇನ್ನೊಂದು ಹಾಕಿದರು.

ಫೋನು ಬಂತು. ಬೀಗದ ಅಂಗಡಿಯವರು. ಅಣ್ಣ ಕೇಳಿಸಿಕೊಳ್ಳುತ್ತಾ ಚಮಚ ಕೆಳಗಿಟ್ಟ. ಹಿಂಬಾಗಿಲು ತೆರೆದಿದೆಯಂತೆ, ಅವರು ಒಳಗೆ ಹೋಗಿ ನೋಡಿದರೆ ಕಪಾಟು ಖಾಲಿಯಂತೆ, ಬೇರೆ ಏನನ್ನೂ ಮುಟ್ಟಿಲ್ಲವಂತೆ ಎಂದು ಅತ್ತಿಗೆಗೆ ಹೇಳಿದ. ಅತ್ತಿಗೆಯ ಕಣ್ಣು ಒಂದು ಕ್ಷಣ ಮೈದುನನತ್ತ ಹೋಗಿ ಮೇಜಿನ ಬಟ್ಟೆಗೆ ಇಳಿಯಿತು.

"ನೀನು ಬಂದು ಎಷ್ಟು ಹೊತ್ತಾಗಿತ್ತು?" ಅಣ್ಣ ಮೆಲ್ಲಗೆ ಕೇಳಿದ.

ಈ ಪ್ರಶ್ನೆಗಾಗಿಯೇ ಅವನು ಇಷ್ಟೆಲ್ಲ ಮಾಡಿದ್ದ. "ಬಾಗಿಲು ತೆಗೆದಾಗಿಂದ ಇಲ್ಲೇ ಇದ್ದೀನಿ. ಕುರ್ಚಿ ಬಿಟ್ಟು ಅಲ್ಲಾಡಿಲ್ಲ. ಅಲ್ಲಾಡಿದ್ರೆ ಈ ಮೇಜು ಇರ್ತಿತ್ತಾ? ನಿನಗೇ ಗೊತ್ತಲ್ಲ."

ಅಣ್ಣನ ಮುಖ ಕೆಂಪಾಯಿತು. "ತಪ್ಪು ತಿಳ್ಕೋಬೇಡ ಕಣೋ," ಎಂದು ಮೇಜಿನಾಚೆಯಿಂದ ಕೈ ಚಾಚಿ ಅವನ ಮಣಿಕಟ್ಟು ಹಿಡಿದ. "ಅದನ್ನ ಶಾಲೆಗೆ ಕೊಡೋ ಮುಂಚೆ ನಿನ್ನನ್ನ ಒಂದು ಮಾತು ಕೇಳಬೇಕಿತ್ತು ನಾನು." ಅತ್ತಿಗೆ ಕೈಚೀಲ ಎತ್ತಿಕೊಂಡರು. ಅವನು ಇನ್ನೊಂದು ಕೈಯಿಂದ ಕುರ್ಚಿಯ ಕೋಟು ಬಿಡಿಸಿಕೊಂಡ. ಮುಗಿಯಿತು ಅನ್ನಿಸಿತು.

ಅಷ್ಟರಲ್ಲಿ ಬಿಳಿ ಟೋಪಿಯ ಹೆಂಗಸು ಅಡುಗೆಮನೆಯಿಂದ ಒಂದು ಬುಟ್ಟಿಯನ್ನು ಬಟ್ಟೆಯಲ್ಲಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಬಂದಳು. "ಹೊರಟೇಬಿಟ್ರಾ ಸಾರ್? ಗಲಾಟೇಲಿ ಮರೆತೇಹೋಗಿತ್ತು. ನೀವು ಆ ಬಾಗಿಲಿಂದ ಹೊರಗೆ ಹೋದ ಕೂಡ್ಲೇ ಇದು ಬಂತು. ನೀವು ವಾಪಸ್ ಬರೋದು ತಡ ಆಯ್ತು ನೋಡಿ, ತಣ್ಣಗಾಗುತ್ತೆ ಅಂತ ಎತ್ತಿಕೊಂಡು ಹೋಗಿ ಹಬೆ ಮೇಲೆ ಇಟ್ಟಿದ್ದೆ. ಮೇಜನ್ನೂ ಬೇರೆಯವರಿಗೆ ಕೊಡೋಕೆ ಬಂದಿದ್ರು, ನಾನೇ ಬೇಡ ಅಂದೆ. ವಯಸ್ಸಾದೋರನ್ನ ಕರ್ಕೊಂಡು ಬರೋಕೆ ಹೋಗಿರ್ತಾರೆ, ಪಾಪ, ಅಂದೆ." ಅಣ್ಣನ ಕೈ ಇನ್ನೂ ಅವನ ಮಣಿಕಟ್ಟಿನ ಮೇಲೇ ಇತ್ತು. ಅವಳು ಮುಚ್ಚಳ ತೆಗೆದು, ಬಿಸಿ ತಾಗದಂತೆ ಬುಟ್ಟಿಯನ್ನು ಬಟ್ಟೆಯ ತುದಿಯಿಂದ ಮೆಲ್ಲಗೆ ಅವನ ಮುಂದಕ್ಕೆ ಸರಿಸಿದಳು.