ಅಳಿವೆಯ ಏಡಿ, ಅಕ್ಕೂರಿನ ಒಲವು

“ನನ್ನ ಐಸ್ ಪೆಟ್ಟಿಗೆ ಎಲ್ಲಿ?!”

ಅಕ್ಕೂರಿನ ರೇಷ್ಮೆಮೊಟ್ಟೆ ಕೇಂದ್ರದ ಬಾಗಿಲಲ್ಲಿ ನಿಂತಿದ್ದವನ ಮೇಲೆ ನಯನ ಸಿಡಿದಳು.

ನದಿ ಕಡಲು ಸೇರುವ ಕರಾವಳಿಯ ಅಳಿವೆಯಿಂದ ಏಡಿಯ ಮಾದರಿ ಹೊತ್ತು ಕನಕಪುರದ ಪ್ರಯೋಗಾಲಯಕ್ಕೆ ಹೋಗುವಾಗ ಅವಳ ಜೀಪು ಇಲ್ಲೇ ಕೆಟ್ಟಿತ್ತು. ಕೇಂದ್ರದ ಒಡತಿ ಚಿಕ್ಕಲಕ್ಷ್ಮಮ್ಮನನ್ನು ಬೇಡಿಕೊಂಡು, ಪೆಟ್ಟಿಗೆಯನ್ನು ಅವರ ತಂಪು ಕೋಣೆಯಲ್ಲಿಟ್ಟು ಮೆಕ್ಯಾನಿಕ್ ಹುಡುಕಲು ಹೋಗಿದ್ದಳು. ಈಗ ನೋಡಿದರೆ ಪೆಟ್ಟಿಗೆಯೇ ಇಲ್ಲ!

“ನಾನೇ ತೆಗ್ದೆ,” ಎಂದ ಚಿಕ್ಕಲಕ್ಷ್ಮಮ್ಮನ ಮಗ ದೇವರಾಜ್.

“ಎಸೆದುಬಿಟ್ರಾ? ಅಯ್ಯೋ… ಆ ಅಳಿವೆಯಲ್ಲಿ ಉಳಿದಿರೋದೇ ಬೆರಳೆಣಿಕೆಯ ಏಡಿ ಕಣ್ರೀ!” ಅವಳು ಮೆಟ್ಟಿಲ ಮೇಲೆ ಕುಸಿದು ಅತ್ತೇಬಿಟ್ಟಳು.

ದೇವರಾಜ್ ಗಾಬರಿಯಾದ. “ಎಸ್ದೆ ಅಂದೋರ್ಯಾರು? ಕರೆಂಟ್ ಹೋಗ್ಬುಡ್ತು. ಚನ್ನಪಟ್ಟಣದಲ್ಲಿ ನಮ್ ವಾಸಿಂ ಐಸ್‌ಕ್ರೀಮ್ ಅಂಗಡೀಲಿ ಜನರೇಟರ್ ಐತೆ. ಅಲ್ಲಿ ಮಡಗಿ ಬಂದೆ. ಬನ್ನಿ, ಕರ್ಕೊಂಡೋಯ್ತೀನಿ.”

ಛೆ… ಇವನಿಗೆ ಏನೆಲ್ಲ ಅಂದುಬಿಟ್ಟೆ!

ಬೈಕಿನಲ್ಲಿ ಅವನೇ ಮಾತು ತೆಗೆದ. “ಅದ್ರಾಗೆ ಅಂಥದ್ದೇನೈತೆ?”

“ಏಡಿ ಕಾಲಿನ ತುಣುಕು. ಒಂದು ಅಳಿವೆಯಲ್ಲಿ ಏಡಿ ಮುಗೀತಾ ಬಂದಿದೆ. ಬೇರೆ ಅಳಿವೆಯ ಮರಿ ತಂದು ಬಿಡೋಣ ಅಂತಾರೆ. ನೋಡೋಕೆ ಎರಡೂ ಒಂದೇ ಥರ. ವಂಶ ಒಂದೇನಾ, ಬೇರೆಯಾ? ಅದನ್ನ ಹೇಳೋ ಗುರುತು ಡಿಎನ್‌ಎಯಲ್ಲಿ ಹುಡುಕ್ತಿದ್ದೀನಿ.”

“ಗೊತ್ತಿಲ್ದೆ ಬೆರೆಸ್ಬುಟ್ರೆ ಮೂಲ ತಳಿ ಕೆಟ್ಟೋಯ್ತದೆ. ರೇಷ್ಮೆ ಹುಳದಾಗೂ ಹಂಗೇಯ.”

ಅವಳ ಕೆಲಸ ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ. ವಾಸಿಂ ಅಂಗಡಿಯಲ್ಲಿ ಪೆಟ್ಟಿಗೆ ತಣ್ಣಗೆ, ಸುರಕ್ಷಿತವಾಗಿತ್ತು. ಆಮೇಲೆ ತನ್ನ ಊರಾದ ಕೋಡಿಹಳ್ಳಿಗೆ ಹೋಗುವಾಗಲೆಲ್ಲ ಅವಳ ದಾರಿ ಅಕ್ಕೂರನ್ನು ಸುತ್ತಿಕೊಂಡೇ ಹೋಗತೊಡಗಿತು…

ವರ್ಷದ ಕೊನೆಗೆ ಗುರುತು ಸಿಕ್ಕಿತು. ಎರಡು ಅಳಿವೆಗಳದ್ದೂ ಬೇರೆ ಬೇರೆ ವಂಶ! ಹೊರಗಿನ ಮರಿ ಬಿಡುವ ಯೋಜನೆ ನಿಂತಿತು. ಉಳಿದಿದ್ದ ಏಡಿಗಳಿಂದಲೇ ಮರಿ ಮಾಡಿಸುವ ಹೊಣೆ ನಯನಳಿಗೆ ಬಂತು. ಆದರೆ ಅದಕ್ಕೆ ಕರಾವಳಿಗೆ ಹೋಗಿ ಅಲ್ಲೇ ನೆಲೆಸಬೇಕು. ಆ ಸುದ್ದಿ ಕೇಳಿದ ಮೇಲೆ ದೇವರಾಜ್ ಫೋನೇ ಎತ್ತಲಿಲ್ಲ.

ನಾನು ಅವನಿಗೆ ಏನೂ ಅಲ್ಲವಾ?

ತಡೆಯಲಾರದೆ ಅವಳು ಅಕ್ಕೂರಿಗೇ ಬಂದಳು. ಹಿಪ್ಪುನೇರಳೆ ತೋಟದಲ್ಲಿ ಅವನು ತಲೆ ತಗ್ಗಿಸಿ ನಿಂತ.

“ನಿಮ್ ದನಿ ಕೇಳಿದ್ರೆ ‘ಹೋಗ್ಬೇಡಿ’ ಅಂದ್ಬುಡ್ತಿದ್ದೆ. ಹಂಗನ್ನಾಕೆ ನಾನ್ಯಾರು?”

“ನನ್ನ ಕೇಳದೆ ನೀವೇ ತೀರ್ಮಾನ ಮಾಡಿಬಿಟ್ರಾ?” ಅವಳ ಕಣ್ಣು ತುಂಬಿತು. “ನಾನು ಹೋಗ್ತೀನಿ ದೇವರಾಜ್. ಆದ್ರೆ ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂದ್ನಾ? ನನಗೆ… ನೀವು ಬೇಕು.”

ಅವನು ತಟ್ಟನೆ ತಲೆ ಎತ್ತಿದ.

“ನಂಗೂ ನೀವೇ ಬೇಕು. ಹುಳ ಗೂಡು ಕಟ್ಟಿದ್ಮೇಲೆ ಬತ್ತೀನಿ, ಪ್ರತಿ ಬೆಳೆಗೂ ಬತ್ತೀನಿ! ಆದ್ರೆ… ನಂಗೆ ಈಜು ಬರಾಕಿಲ್ಲ.”

ಅಳುತ್ತಲೇ ನಕ್ಕಳು ನಯನ. “ನಾನು ಕಲಿಸ್ತೀನಿ.”

“ಮುಳುಗೋದ್ರೆ?”

“ಹಿಡ್ಕೋತೀನಿ ಕಣೋ…” ಮೊದಲ ಬಾರಿಗೆ ಅವಳ ಬಾಯಿಂದ ಏಕವಚನ ಜಾರಿತು. “ಒಸಿ ಹತ್ರ ಬಾ.”